'ಆಲ್ವೇಸ್' ಎಲ್ಲಿ ಕೂರುತ್ತೆ, 'ಟೂ' ಯಾವಾಗ ಕೈಕೊಡುತ್ತೆ

ನಿಮ್ಮ ಪ್ರಶ್ನೆ ಇದು: "ಹಿ ಈಸ್ ಆಲ್ವೇಸ್ ಲೇಟ್" ಅನ್ನುವಾಗ 'ಆಲ್ವೇಸ್' ಕ್ರಿಯಾಪದದ ಆಮೇಲೆ ಬರುತ್ತೆ, "ಹಿ ಆಲ್ವೇಸ್ ಕಮ್ಸ್ ಲೇಟ್" ಅನ್ನುವಾಗ ಮೊದಲೇ ಬರುತ್ತೆ. ಎರಡೂ ಸರಿ ಆಗೋದು ಹೇಗೆ? 'ವೆರಿ', 'ಟೂ' ಎರಡೂ 'ತುಂಬಾ' ತಾನೇ?

ಸಂಜೆ ಹೊತ್ತು ಡಿಗ್ರಿ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಇವೆರಡೂ ಅಲ್ಲಿ ಪದೇ ಪದೇ ಬರುವ ಪ್ರಶ್ನೆಗಳು. ಜಾಗದ ವಿಷಯ ಮೊದಲು ಮುಗಿಸಿಬಿಡೋಣ.

ಕನ್ನಡದಲ್ಲಿ "ನಾನು ಯಾವಾಗಲೂ ಕಾಫಿ ಕುಡೀತೀನಿ", "ಕಾಫಿ ನಾನು ಯಾವಾಗಲೂ ಕುಡೀತೀನಿ", "ನಾನು ಕಾಫಿ ಕುಡೀತೀನಿ, ಯಾವಾಗಲೂ" ಹೇಗೆ ಹೇಳಿದರೂ ನಡೆಯುತ್ತೆ, ಒತ್ತು ಮಾತ್ರ ಆಚೀಚೆ ಆಗುತ್ತೆ. ಇಂಗ್ಲಿಷಿನಲ್ಲಿ ಅಷ್ಟು ಸಲಿಗೆ ಇಲ್ಲ. ಪುಸ್ತಕಗಳಲ್ಲಿ ಮೂರು ನಿಯಮ ಕೊಡುತ್ತಾರೆ: ಸಾಮಾನ್ಯ ಕ್ರಿಯಾಪದವಿದ್ದರೆ ಅದರ ಮುಂಚೆ, 'ಆಮ್, ಈಸ್, ಆರ್, ವಾಸ್, ವರ್' ಇದ್ದರೆ ಅವುಗಳ ನಂತರ, 'ಹ್ಯಾವ್', 'ಕ್ಯಾನ್' ತರಹದ ಹೆಲ್ಪಿಂಗ್ ವರ್ಬ್ (ಸಹಾಯಕ ಕ್ರಿಯಾಪದ) ಇದ್ದರೆ ಅದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ. ಮೂರನ್ನೂ ಬಾಯಿಪಾಠ ಮಾಡುವ ಬದಲು ಒಂದೇ ಪರೀಕ್ಷೆ ಮಾಡಿ ಅಂತ ನಾನು ಹೇಳೋದು. ವಾಕ್ಯವನ್ನು ಪ್ರಶ್ನೆ ಮಾಡಿ ನೋಡಿ.

"ಹಿ ಈಸ್ ಲೇಟ್" ಪ್ರಶ್ನೆಯಾದರೆ "ಈಸ್ ಹಿ ಲೇಟ್?" ಆಗುತ್ತೆ. ಮುಂದಕ್ಕೆ ಎಗರಿದ್ದು 'ಈಸ್'. ಹಾಗಾದರೆ 'ಆಲ್ವೇಸ್' ಅದರ ಬೆನ್ನಿಗೇ: "ಹಿ ಈಸ್ ಆಲ್ವೇಸ್ ಲೇಟ್". "ಹ್ಯಾವ್ ಯು ಸೀನ್ ಜೋಗ್?" ಅನ್ನುವಾಗ ಎಗರೋದು 'ಹ್ಯಾವ್', ಆದ್ದರಿಂದ "ಐ ಹ್ಯಾವ್ ನೆವರ್ ಸೀನ್ ಜೋಗ್". 'ಶುಡ್', 'ಕ್ಯಾನ್', 'ವಿಲ್' ಎಲ್ಲಾ ಇದೇ ದಾರಿ. ಆದರೆ "ಹಿ ಕಮ್ಸ್ ಲೇಟ್" ಅನ್ನೋದನ್ನು ಪ್ರಶ್ನೆ ಮಾಡಲು ಒಳಗಿನ ಯಾವ ಪದವೂ ಎಗರೋದಿಲ್ಲ, ಹೊರಗಿನಿಂದ 'ಡಸ್' ತರಬೇಕು. ಹೀಗೆ ತರಬೇಕಾಗಿ ಬಂತು ಅಂದರೆ 'ಆಲ್ವೇಸ್' ಕ್ರಿಯಾಪದಕ್ಕಿಂತ ಮೊದಲು ಕೂರುತ್ತೆ. ಅಷ್ಟೇ.

'ಯೂಷುವಲಿ', 'ಆಫನ್', 'ರೇರ್ಲಿ', 'ನೆವರ್' ಇವಕ್ಕೂ ಇದೇ ಲೆಕ್ಕ. 'ಸಮ್‌ಟೈಮ್ಸ್' ಸ್ವಲ್ಪ ಪುಂಡ, ವಾಕ್ಯದ ಮೊದಲಿಗೋ ಕೊನೆಗೋ ಹೋಗಿ ಕೂತರೂ ಯಾರೂ ಕೇಳೋದಿಲ್ಲ. 'ಎವ್ರಿ ಡೇ', 'ಟ್ವೈಸ್ ಎ ವೀಕ್' ತರಹದ ಉದ್ದದ ಮಾತುಗಳು ನಡುವೆ ಬೇಡ, ಕೊನೆಯಲ್ಲಿರಲಿ. ಇನ್ನು ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಏನನ್ನೂ ತುರುಕಬೇಡಿ. "ಐ ಡ್ರಿಂಕ್ ಆಲ್ವೇಸ್ ಕಾಫಿ" ತಪ್ಪು, "ಐ ಲೈಕ್ ವೆರಿ ಮಚ್ ಕಾಫಿ" ಕೂಡ ತಪ್ಪು. (ಆಲ್ವೇಸ್ ಅಂದರೆ ಶೇಕಡಾ 100, ಯೂಷುವಲಿ ಅಂದರೆ 80, ಆಫನ್ ಅಂದರೆ 70 ಅಂತೆಲ್ಲ ಪಟ್ಟಿ ಇರುತ್ತಲ್ಲ, ಅದನ್ನು ಅಂದಾಜು ಅಂತ ಮಾತ್ರ ನೋಡಿ. ಮಾತಾಡುವಾಗ ಯಾರೂ ಕ್ಯಾಲ್ಕುಲೇಟರ್ ಹಿಡಿಯೋದಿಲ್ಲ.)

ನಿಜ ಹೇಳಬೇಕೆಂದರೆ ಜಾಗ ತಪ್ಪಿದರೆ ದೊಡ್ಡ ನಷ್ಟವಿಲ್ಲ, ಕೇಳುವವರಿಗೆ ಅರ್ಥ ಆಗೇ ಆಗುತ್ತೆ. ಎಷ್ಟರ ಮಟ್ಟಿಗೆ ಅಂತ ಹೇಳುವ ಪದಗಳು ತಪ್ಪಿದಾಗಲೇ ಅರ್ಥ ಕೆಡೋದು. ನೀವು ಅಲ್ಲಿ ಹೆಚ್ಚು ಗಮನ ಕೊಡಿ.

'ವೆರಿ' ಬರೀ ತುಂಬಾ. 'ಟೂ' ಅಂದರೆ ಬೇಕಾದದ್ದಕ್ಕಿಂತ ಜಾಸ್ತಿ, ಅದರಿಂದ ಏನೋ ತೊಂದರೆ. "ದ ಕಾಫಿ ಈಸ್ ವೆರಿ ಹಾಟ್" ಅಂದರೆ ಕಾಫಿ ಚೆನ್ನಾಗಿ ಬಿಸಿಯಾಗಿದೆ. "ಟೂ ಹಾಟ್" ಅಂದರೆ ಬಾಯಿಗಿಡೋಕಾಗದಷ್ಟು ಬಿಸಿ. ನಮ್ಮ ನಮ್ಮಲ್ಲಿ "ಊಟ ಟೂ ಗುಡ್ ಮಗಾ" ಅಂದರೆ ಹೊಗಳಿಕೆಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊರದೇಶದ ಹೋಟೆಲಿನಲ್ಲಿ ಖುಷಿಯಿಂದ "ದ ರೂಮ್ ಈಸ್ ಟೂ ಬಿಗ್" ಅಂದರೆ, ರಿಸೆಪ್ಷನ್‌ನವರು ಚಿಕ್ಕ ರೂಮು ಬೇಕಾ ಅಂತ ಕೇಳಿಯಾರು.

'ವೆರಿ' ನೇರವಾಗಿ ಕ್ರಿಯಾಪದಕ್ಕೆ ಅಂಟೋದಿಲ್ಲ. "ಐ ವೆರಿ ಲೈಕ್ ಇಟ್" ಅನ್ನಬಾರದು, "ಐ ರಿಯಲಿ ಲೈಕ್ ಇಟ್" ಅಥವಾ "ಐ ಲೈಕ್ ಇಟ್ ವೆರಿ ಮಚ್" ಅನ್ನಿ. 'ಇನಫ್' (ಸಾಕಷ್ಟು) ಗುಣವಾಚಕದ ನಂತರ ಬರುತ್ತೆ: "ಹಾಟ್ ಇನಫ್". ನಾಮಪದವಾದರೆ ಅದಕ್ಕಿಂತ ಮೊದಲು: "ಇನಫ್ ಮನಿ".

ಎಲ್ಲಕ್ಕಿಂತ ಅಪಾಯಕಾರಿ 'ಹಾರ್ಡ್‌ಲಿ'. ಒಬ್ಬ ಹುಡುಗ ಕೆಲಸಕ್ಕೆ ಬರೆದ ಅರ್ಜಿಯನ್ನು ನನಗೆ ತೋರಿಸಿದ್ದ. ಕಷ್ಟಪಟ್ಟು ದುಡಿದಿದ್ದೇನೆ ಅನ್ನಲು "ಐ ಹ್ಯಾವ್ ಹಾರ್ಡ್‌ಲಿ ವರ್ಕ್ಡ್ ಇನ್ ಮೈ ಪ್ರೀವಿಯಸ್ ಜಾಬ್" ಅಂತ ಬರೆದಿದ್ದ. ಅದರರ್ಥ ಹಿಂದಿನ ಕಡೆ ಹೆಚ್ಚುಕಡಿಮೆ ಕೆಲಸವನ್ನೇ ಮಾಡಲಿಲ್ಲ ಅಂತ! "ವರ್ಕ್ಡ್ ಹಾರ್ಡ್" ಅಂತ ತಿದ್ದಿ ಕಳಿಸಿದೆವು.

'ಹಾರ್ಡ್‌ಲಿ', 'ನೆವರ್', 'ರೇರ್ಲಿ' ಇವುಗಳ ಹೊಟ್ಟೆಯಲ್ಲೇ 'ಇಲ್ಲ' ಇದೆ. ನಾವು "ಎಂದೂ ಹೋಗಿಲ್ಲ" ಅಂತ ಎರಡನ್ನೂ ಸೇರಿಸಿ ಹೇಳುವ ರೂಢಿಯಲ್ಲಿ "ಐ ನೆವರ್ ಡಿಡಂಟ್ ಗೋ" ಅಂದುಬಿಡುತ್ತೇವೆ. "ಐ ನೆವರ್ ವೆಂಟ್" ಅಂದರೆ ಸಾಕು. ಫೋನಿನಲ್ಲಿ ದನಿ ಸರಿಯಾಗಿ ಕೇಳಿಸದಿದ್ದರೂ ಹಾಗೇ: "ಐ ಕಾಂಟ್ ಹಾರ್ಡ್‌ಲಿ" ಅಲ್ಲ, "ಐ ಕ್ಯಾನ್ ಹಾರ್ಡ್‌ಲಿ ಹಿಯರ್ ಯು".