ಹೆಸರು ಅಳಿಸಿದರೆ ಗುರುತು ಅಳಿಯುತ್ತದೆಯೇ?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಆಸ್ಪತ್ರೆಗಳಲ್ಲಿ ಧೂಳು ತಿನ್ನುತ್ತಿರುವ ದಾಖಲೆಗಳಿಂದ ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟುಬಿಟ್ಟರೆ ಯಾರಿಗೇನು ನಷ್ಟ? ಒಬ್ಬೊಬ್ಬರ ಒಪ್ಪಿಗೆ ಕೇಳುತ್ತ ಕೂತರೆ ಔಷಧಿ ಸಿಗುವುದು ಯಾವ ಕಾಲಕ್ಕೆ?"

ಉತ್ತರ: ನಿಮ್ಮ ಆತುರ ಅರ್ಥವಾಗುತ್ತದೆ. ಕೋವಿಡ್‌ನಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚೆಂದು ಬೇಗ ಗೊತ್ತಾಗಿದ್ದು ಅಸಂಖ್ಯ ರೋಗಿಗಳ ದಾಖಲೆಯನ್ನು ಒಟ್ಟಿಗೆ ನೋಡಲು ಸಿಕ್ಕಿದ್ದರಿಂದಲೇ. ಅಷ್ಟನ್ನು ಒಪ್ಪುತ್ತೇನೆ. ಆದರೆ ವಿಜ್ಞಾನದ ಮೇಲೆ ಇಷ್ಟು ಪ್ರೀತಿಯಿರುವ ನೀವೇ ಹೆಸರು ತೆಗೆದರಾಯಿತು ಎಂದರೆ ಹೇಗೆ?

1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೀಗೇ ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು; ಹುಟ್ಟಿದ ದಿನ, ಲಿಂಗ, ಜಿಪ್ ಕೋಡ್ (ನಮ್ಮ ಪಿನ್ ಕೋಡಿನಂಥದು) ಮಾತ್ರ ಉಳಿದಿದ್ದವು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್‌ಗೆ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಅದರಲ್ಲಿ ಆರು ಮಂದಿ, ಗಂಡಸರು ಮೂವರು, ಅವರದೇ ಜಿಪ್ ಕೋಡಿನವರು ಒಬ್ಬರೇ. ಗವರ್ನರರ ಕಾಯಿಲೆಯ ವಿವರ ಕೈಗೆ ಬಂತು. ನಮ್ಮ ಮತದಾರರ ಪಟ್ಟಿಯಲ್ಲೂ ವಯಸ್ಸು, ಲಿಂಗ, ಮನೆ ನಂಬರು, ತಂದೆಯ ಇಲ್ಲವೇ ಗಂಡನ ಹೆಸರು ಇವೆಯಲ್ಲ. ಅದನ್ನು ಯಾರು ಬೇಕಾದರೂ ನೋಡಬಹುದು.

ನಿಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮಂಗನ ಕಾಯಿಲೆಯ ಪಟ್ಟಿಯೊಂದರಲ್ಲಿ ಊರು, ವಯಸ್ಸು, ಲಿಂಗ, ಜ್ವರ ಬಂದ ತಾರೀಖು ಮಾತ್ರ ಇದೆ ಎನ್ನೋಣ. ಮೂವತ್ತು ಮನೆಯ ಊರಿನಲ್ಲಿ "ಹೆಂಗಸು, 62, ಫೆಬ್ರವರಿ 9" ಎಂದರೆ ಯಾರೆಂದು ಹಾಲಿನ ಡೇರಿಗೆ ಬಂದವರೆಲ್ಲ ಹೇಳುತ್ತಾರೆ. ಅದೇ ಸಾಲಿನಲ್ಲಿ ಆಕೆ ಯಾರಿಗೂ ಹೇಳದ ಇನ್ನೊಂದು ಕಾಯಿಲೆಯೂ ಇದ್ದರೆ?

ಆದ್ದರಿಂದಲೇ ಕೆಲಸ ಬಲ್ಲವರು ಊರಿನ ಬದಲು ತಾಲ್ಲೂಕು ಹಾಕುತ್ತಾರೆ, 62ನ್ನು 60–69 ಮಾಡುತ್ತಾರೆ. ಒಬ್ಬ ರೋಗಿಯ ತಾರೀಖುಗಳನ್ನೆಲ್ಲ ಒಂದೇ ಅಳತೆಯಲ್ಲಿ ಕೆಲವು ದಿನ ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ. ಜ್ವರ ಬಂದು ಎಷ್ಟು ದಿನಕ್ಕೆ ಆಸ್ಪತ್ರೆ ಸೇರಿದರೆಂಬ ಲೆಕ್ಕ ಇದರಿಂದ ಕೆಡುವುದಿಲ್ಲ. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆಯ ಸಂಖ್ಯೆಗಳನ್ನು ಮುಚ್ಚುತ್ತಾರೆ. ಎಡವುವುದು ಇಲ್ಲಿಯೇ. ನಾಲ್ಕು ತಾಲ್ಲೂಕುಗಳಲ್ಲಿ ಒಂದನ್ನು ಮುಚ್ಚಿ ಕೆಳಗೆ "ಒಟ್ಟು 37" ಎಂದು ಬರೆದರೆ, ಉಳಿದ ಮೂರನ್ನು ಕಳೆದವರಿಗೆ ಮುಚ್ಚಿದ್ದು ಸಿಕ್ಕಿಬಿಡುತ್ತದೆ. ಇನ್ನೊಂದು ತಾಲ್ಲೂಕನ್ನೂ ಮುಚ್ಚಬೇಕು, ಇಲ್ಲವೇ ಒಟ್ಟನ್ನು ಬಿಡಬೇಕು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ದಾಖಲೆಯನ್ನು ಪೆನ್‌ಡ್ರೈವ್‌ಗಳಲ್ಲಿ ಹಂಚದೆ ಇದ್ದಲ್ಲೇ ಇಟ್ಟು, ಸಂಶೋಧಕರ ಪ್ರೋಗ್ರಾಂ ಅಲ್ಲಿಗೇ ಹೋಗಿ, ಪರಿಶೀಲಿಸಿದ ಉತ್ತರವಷ್ಟೇ ಹೊರಬರುವಂತೆ ಮಾಡುವುದು. ಇಂಗ್ಲೆಂಡಿನ ಓಪನ್‌ಸೇಫ್ಲಿ ಎಂಬ ವ್ಯವಸ್ಥೆ 2020ರಲ್ಲಿ ಶುರುವಾದದ್ದು ಹೀಗೆ.

ಅದೇ ಇಂಗ್ಲೆಂಡು ಅದಕ್ಕೆ ಮೊದಲು ಕೈ ಸುಟ್ಟುಕೊಂಡಿತ್ತು. ಊರ ವೈದ್ಯರ ಬಳಿಯ ದಾಖಲೆಗಳನ್ನು ಒಂದೆಡೆ ಸೇರಿಸುವ ಕೇರ್ ಡಾಟ್ ಡೇಟಾ ಯೋಜನೆಗಾಗಿ 2014ರ ಜನವರಿಯಲ್ಲಿ ಸುಮಾರು 2.65 ಕೋಟಿ ಮನೆಗಳಿಗೆ ಕರಪತ್ರ ಹೋಯಿತು. ಅದರಲ್ಲಿ ಯೋಜನೆಯ ಹೆಸರಿರಲಿಲ್ಲ, ಬೇಡವೆನ್ನಲು ಫಾರಂ ಇರಲಿಲ್ಲ. ಜಾಹೀರಾತು ಚೀಟಿಗಳ ನಡುವೆ ಬಂದದ್ದನ್ನು ಎಷ್ಟೋ ಜನ ನೋಡಲೂ ಇಲ್ಲ. ಮರು ತಿಂಗಳೇ ಯೋಜನೆ ನಿಂತಿತು, 2016ರ ಜುಲೈನಲ್ಲಿ ಮುಚ್ಚಿತು. 2021ರಲ್ಲಿ ಅಂಥದೇ ಇನ್ನೊಂದನ್ನು ಅವಸರದಲ್ಲಿ ತಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ನಮ್ಮ ದಾಖಲೆ ಮುಟ್ಟಬೇಡಿ ಎಂದು ಬರೆದುಕೊಟ್ಟರು. ಕೇಳದೆ ಉಳಿಸಿದ ಸಮಯ ಎಲ್ಲಿ ಹೋಯಿತು, ಹೇಳಿ.

ನಮ್ಮಲ್ಲಂತೂ ಕೇಳುವ ಕ್ರಮವೇ ಸಂಕಟ ತರುತ್ತದೆ. ಇಂಗ್ಲಿಷ್ ಫಾರಂನಿಂದ ಇಳಿಸಿದ, ಓದುತ್ತ ಉಸಿರು ಕಟ್ಟುವ ಕನ್ನಡ. ರಕ್ತ ತೆಗೆಯುವ ಮೇಜಿನ ಮುಂದೆ ಕ್ಯೂ. "ಇಲ್ಲಿ ಸೈನ್ ಹಾಕಿ" ಎನ್ನುವ ದನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಹಂತ ಹಂತವಾಗಿ ಒಪ್ಪಿಗೆ ಪಡೆಯುವುದಕ್ಕೆ ಜಾಗವಿದೆ. ಈ ಅಧ್ಯಯನಕ್ಕೆ ಬಳಸಬಹುದೇ, ಮುಂದಿನವಕ್ಕೆ ಇಟ್ಟುಕೊಳ್ಳಬಹುದೇ, ಬೇರೆ ಸಂಸ್ಥೆಗೋ ಕಂಪನಿಗೋ ಕೊಡಬಹುದೇ ಎಂದು ಮೂರು ಪ್ರಶ್ನೆ ಬೇರೆ ಬೇರೆ ಕೇಳಿ, ಮೂರಕ್ಕೂ ಬೇರೆ ಸಹಿ ಪಡೆಯಲು ಎಷ್ಟು ಹೊತ್ತು ಬೇಕು? ಇನ್ನು ಅಧ್ಯಯನ ಮುಗಿದ ಮೇಲೆ ರಕ್ತ ಕೊಟ್ಟ ಊರಿಗೆ ಬಂದು ಏನು ತಿಳಿಯಿತೆಂದು ಹೇಳುವವರು ತೀರ ವಿರಳ. ಫಲಿತಾಂಶ ಇಂಗ್ಲಿಷ್ ಜರ್ನಲ್ ಸೇರುತ್ತದೆ, ಆಶಾ ಕಾರ್ಯಕರ್ತೆಗೆ ಉತ್ತರಿಸಲಾಗದ ಪ್ರಶ್ನೆಗಳು ಉಳಿಯುತ್ತವೆ.

ನಿಮ್ಮ ಮನೆಗೇ ಅಂಥ ಫಾರಂ ಬಂದರೆ ಒಪ್ಪಿಗೆ ಹಿಂತೆಗೆದುಕೊಳ್ಳುವ ಷರತ್ತನ್ನು ಹುಡುಕಿ ಓದಿ. ಉಳಿದ ರಕ್ತವನ್ನು ನಾಶ ಮಾಡಿಸಬಹುದು, ಮುಂದಿನ ಅಧ್ಯಯನಗಳಿಂದ ದಾಖಲೆ ತೆಗೆಸಬಹುದು. ಆಗಲೇ ಪ್ರಕಟವಾದ ಲೆಕ್ಕದಿಂದ ತೆಗೆಸಲಾಗದು. ಇಷ್ಟನ್ನೂ ಸಹಿಗೆ ಮೊದಲೇ ಬಾಯಿಬಿಟ್ಟು ಹೇಳದಿದ್ದರೆ ಪೆನ್ನು ಕೆಳಗಿಟ್ಟು ಕೇಳಿ.