ಮೈಸೂರಲ್ಲಿ ಒಬ್ಬರೇ ಒಂದು ದಿನ: ಎರಡು ಮ್ಯೂಸಿಯಂ ಸಾಕು, ಮಾರ್ಕೆಟ್ ಕೊನೆಗೆ ಇಟ್ಕೊಳ್ಳಿ

ದಾವಣಗೆರೆಯಿಂದ ಒಬ್ಬರೇ ಬರುತ್ತಿದ್ದೀರಿ, ಬೆಳಿಗ್ಗೆ ಮೈಸೂರಲ್ಲಿ ಇಳಿದು ರಾತ್ರಿ ಟ್ರೈನಿಗೆ ವಾಪಸ್, ಮ್ಯೂಸಿಯಂ ನೋಡಬೇಕು, ಅಮ್ಮನಿಗೆ ಒಂದು ಸೀರೆ ತಗೋಬೇಕು, ಒಬ್ಬಳೇ ಆದರೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ನಾನು ಮಂಡ್ಯದವಳು. ಎರಡು ಮೂರು ತಿಂಗಳಿಗೊಮ್ಮೆ ಒಬ್ಬಳೇ ಟ್ರೈನ್ ಹತ್ತಿ ಮೈಸೂರಿಗೆ ಹೋಗಿ ಸಂಜೆ ಮನೆ ಸೇರುತ್ತೇನೆ. ಬೇಜಾರಂತೂ ಆಗಲ್ಲ. ಮನೆಯವರ ಜೊತೆ ಹೋದಾಗ ನೋಡಲು ಆಗದ್ದನ್ನೆಲ್ಲ ನಾನು ನೋಡಿರುವುದು ಒಬ್ಬಳೇ ಹೋದಾಗಲೇ.

ಅರಮನೆ, ಝೂ, ಬೆಟ್ಟ, ಕೆಆರ್‌ಎಸ್ ಎಲ್ಲಾ ಒಂದೇ ದಿನ ಅಂತ ಹೊರಟರೆ ಆಟೋದಲ್ಲೇ ದಿನ ಮುಗಿಯುತ್ತದೆ. ಎರಡೇ ಮ್ಯೂಸಿಯಂ ಇಟ್ಟುಕೊಳ್ಳಿ, ಎರಡೂ ಸ್ಟೇಷನ್ನಿಗೆ ಹತ್ತಿರ. ಬ್ಯಾಗನ್ನು ಸ್ಟೇಷನ್ ಕ್ಲೋಕ್ ರೂಮಿನಲ್ಲಿ ಬಿಟ್ಟು ಕೈ ಬೀಸಿಕೊಂಡು ಹೊರಡಿ. ಆಧಾರ್ ಕಾರ್ಡ್ ಮಾತ್ರ ಜೊತೆಗಿರಲಿ, ಸಿಟಿ ಬಸ್ಸಿನಲ್ಲೂ ನಮ್ಮಂಥ ಹೆಂಗಸರಿಗೆ ಟಿಕೆಟ್ ಉಚಿತ.

ಮೊದಲು ಜಗನ್ಮೋಹನ ಅರಮನೆಗೆ ಹೋಗಿ. ಬೆಳಿಗ್ಗೆ ಜನ ಕಡಿಮೆ. 1861ರಲ್ಲಿ ಕಟ್ಟಿದ್ದು ಇದು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತಲ್ಲ, ಈಗಿನ ಅರಮನೆ 1912ರಲ್ಲಿ ಮುಗಿಯುವ ತನಕ ರಾಜಮನೆತನಕ್ಕೆ ಆಸರೆ ಆಗಿದ್ದು ಇದೇ. ನಾಲ್ವಡಿಯವರು 1902ರಲ್ಲಿ ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ, ಹಳೇ ವಾದ್ಯಗಳಿವೆ, ಅವನ್ನೆಲ್ಲ ನಿಮಗಿಷ್ಟ ಬಂದಂತೆ ನೋಡಿ. ಆದರೆ ದೀಪ ಹಿಡಿದ ಹುಡುಗಿಯ ಚಿತ್ರದ ಮುಂದೆ ಮಾತ್ರ ಹತ್ತು ನಿಮಿಷ ನಿಲ್ಲಿ, ನನಗೋಸ್ಕರ.

ಅದು ರವಿವರ್ಮನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಬರೆದವರು ಎಸ್.ಎಲ್. ಹಲ್ದಂಕರ್, ಎದುರು ದೀಪ ಹಿಡಿದು ನಿಂತಿದ್ದವಳು ಅವರ ಸ್ವಂತ ಮಗಳು. ಎಣ್ಣೆ ಬಣ್ಣವಲ್ಲ, ಜಲವರ್ಣ. ಅದರಲ್ಲಿ ಕೈ ತಪ್ಪಿದರೆ ಮೇಲೆ ಬಳಿದು ತಿದ್ದುವುದು ಕಷ್ಟ ಅಲ್ವಾ, ಅದನ್ನು ಮನಸ್ಸಲ್ಲಿಟ್ಟುಕೊಂಡು ಅವಳ ಕೈ ನೋಡಿ. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಿರಲಿ ಅಂತ ಇನ್ನೊಂದು ಕೈ ಅಡ್ಡ ಹಿಡಿದಿದ್ದಾಳೆ, ಬೆಳಕು ಬೆರಳ ಸಂದಿಯಿಂದ ಹೊರಗೆ ಬರುತ್ತಿದೆ, ಬೆರಳಿನ ಅಂಚು ಕೆಂಪಗಾಗಿದೆ. ಕರೆಂಟ್ ಹೋದಾಗ ನಾವು ಮೊಬೈಲ್ ಟಾರ್ಚಿಗೆ ಕೈ ಅಡ್ಡ ಹಿಡಿದರೆ ಕಾಣುತ್ತಲ್ಲ, ಅದೇ ಕೆಂಪು. ಮಕ್ಕಳನ್ನು ಕರೆದುಕೊಂಡು ಹೋದಾಗ "ಬಾ ಅಮ್ಮ, ಹೊಟ್ಟೆ ಹಸೀತಿದೆ" ಅಂತ ಎಳೆದುಬಿಡುತ್ತಾರೆ. ಒಬ್ಬಳೇ ಹೋದ ದಿನ ನಾನು ಸುಮ್ನೆ ನಿಂತಿದ್ದೆ, ಕಣ್ಣು ತುಂಬಿ ಬಂತು.

ಎರಡನೆಯದು ರೈಲ್ವೆ ಮ್ಯೂಸಿಯಂ. 1979ರಲ್ಲಿ ಶುರುವಾಯಿತು, ದೆಹಲಿ ಬಿಟ್ಟರೆ ದೇಶದಲ್ಲಿ ಎರಡನೆಯದು. ಮಕ್ಕಳ ಜಾಗ ಅಂತ ಬಿಡಬೇಡಿ. 1899ರ ಮಹಾರಾಣಿ ಸಲೂನ್ ಬೋಗಿ ಇದೆ, ಒಳಗೇ ಅಡುಗೆಮನೆ, ಊಟದ ಕೋಣೆ, ಬಚ್ಚಲು. ಒಂದು ಗಂಟೆ ಸಾಕು.

ಈಗ ಸೀರೆ. ಕೆಎಸ್‌ಐಸಿ, ಅಂದರೆ ಸರ್ಕಾರದ ರೇಷ್ಮೆ ಸಂಸ್ಥೆಯ, ಮೈಸೂರು ಸಿಲ್ಕ್ ಬೇಕಾದರೆ ಮಾನಂದವಾಡಿ ರಸ್ತೆಯ ಕಾರ್ಖಾನೆ ಮಳಿಗೆಗೇ ಹೋಗಿ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ ಕಾರ್ಖಾನೆ ಅದು. ಈಗೀಗ ಬೇಡಿಕೆ ವಿಪರೀತ, ಸ್ಟಾಕ್ ಬಂದ ದಿನ ಸಾಲು ನಿಲ್ಲುತ್ತಾರೆ, ಹಾಗಾಗಿ ಬರುವ ಮುಂಚೆ ಫೋನ್ ಮಾಡಿ ಕೇಳಿ. ಸೀರೆ ಕೈಗೆ ಬಂದಾಗ ಹೊಲೋಗ್ರಾಮ್ ನೋಡಿ, ಪ್ರತಿ ಸೀರೆಗೂ ಅದರದೇ ನಂಬರ್ ಇರುತ್ತದೆ, ಅದನ್ನೂ ನೋಡಿ. ಬೆಲೆ ಜಾಸ್ತಿ, ನಿಜ. ಜರಿಯಲ್ಲಿ ಬೆಳ್ಳಿ, ಚಿನ್ನ ನಿಜಕ್ಕೂ ಇರುತ್ತದೆ. ನನ್ನ ಅಜ್ಜಿಯ ಸೀರೆಯ ಜರಿ ಇವತ್ತಿಗೂ ಕಪ್ಪಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ನಾನು ಮೊದಲ ಸಲ ಒಬ್ಬಳೇ ಬಂದಾಗ ಒಬ್ಬ ಆಟೋದವನು "ಮಾರ್ಕೆಟ್ ಇವತ್ತು ರಜಾ ಮೇಡಂ, ಸರ್ಕಾರಿ ಅಂಗಡಿ ತೋರಿಸ್ತೀನಿ" ಅಂತ ಯಾವುದೋ ಗಲ್ಲಿಯ ಅಂಗಡಿಗೆ ಕರೆದುಕೊಂಡು ಹೋದ. ಅದು ಸರ್ಕಾರಿಯೂ ಅಲ್ಲ, ಮಾರ್ಕೆಟ್ ರಜವೂ ಇರಲಿಲ್ಲ. ಅಲ್ಲಿ ಬೀಟೆ ಮರದ ಇನ್‌ಲೇ ಅಂತ 1200 ರೂಪಾಯಿಗೆ ಒಂದು ಪೆಟ್ಟಿಗೆ ತಗೊಂಡೆ. ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಚ್ಚಳದ ಮೇಲಿದ್ದ ಆನೆ ಚಿತ್ರದ ಬಣ್ಣ ಬಟ್ಟೆಗೆ ಬಂತು. ದುಡ್ಡಿಗಿಂತ ಜಾಸ್ತಿ, ನಿಜವಾದ ಕೆಲಸ ಮಾಡುವವರ ಹೆಸರಲ್ಲಿ ಹೀಗೆ ಮಾರುತ್ತಾರಲ್ಲ ಅಂತ ಸಂಕಟ ಆಯಿತು. ನಿಜವಾದ ಇನ್‌ಲೇಯಲ್ಲಿ ಬಣ್ಣ ಹಚ್ಚಿ ಚಿತ್ರ ಮಾಡುವುದಿಲ್ಲ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕತ್ತರಿಸಿ ಬೀಟೆಯಲ್ಲಿ ಕೂರಿಸುತ್ತಾರೆ, ಹಿಂದೆ ದಂತವನ್ನೂ ಕೂರಿಸುತ್ತಿದ್ದರು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಪ್ರತಿ ಚೂರಿನಲ್ಲೂ ಮರದ ಎಳೆ ಬೇರೆ ದಿಕ್ಕಿಗೆ ಓಡುತ್ತದೆ. ಬಳಿದ ಬಣ್ಣದಲ್ಲಿ ಆ ಎಳೆ ಇರಲ್ಲ. ಗೊತ್ತಾಗದಿದ್ದರೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲೇ ತಗೊಳ್ಳಿ, ಅದು ನಿಜಕ್ಕೂ ಸರ್ಕಾರದ್ದು.

ಅಲ್ಲಿಂದ ದೇವರಾಜ ಮಾರ್ಕೆಟ್ ನಡೆದುಕೊಂಡೇ ಹೋಗಬಹುದು. ಏನೂ ಕೊಳ್ಳದಿದ್ದರೂ ಹೋಗಿ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು, ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನುವ ಜಗಳ ವರ್ಷಗಟ್ಟಲೆ ಎಳೆದಿದೆ, ಹಾಗಾಗಿ ಇರುವಾಗಲೇ ನೋಡಿ ಅಂತ ಹೇಳುವುದು. ಕುಂಕುಮದ ಗುಡ್ಡೆಗಳನ್ನು ದಾಟಿ ಒಳಗೆ ಹೋದರೆ ಹೂವಿನ ಸಾಲು. ಹೂವಿನವರ ಬೆರಳು ನೋಡ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ನಮ್ಮ ಜೊತೆ ಮಾತಾಡ್ತಾ ದಾರದ ಕಡೆ ನೋಡದೆಯೇ ಕಟ್ಟುತ್ತಾರೆ. ಒಳ್ಳೆಯ ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ, ಈಗ ಬೆಳೆಯುವವರೇ ಕಡಿಮೆ. ಅಜ್ಜಿ ಇದ್ದರೆ ಮೈಸೂರು ಚಿಗುರೆಲೆ, ಅಂದರೆ ವೀಳ್ಯದೆಲೆ, ಒಂದು ಕಟ್ಟು.

ಭಾನುವಾರ ಬಂದರೆ ಸಂಜೆ ಏಳಕ್ಕೆ ಅರಮನೆಯ ದೀಪ ಹಚ್ಚುತ್ತಾರೆ, ಮಾರ್ಕೆಟ್‌ನಿಂದ ಹತ್ತೇ ನಿಮಿಷ. ಆದರೆ ಭಾನುವಾರ ಸೀರೆ ಮಳಿಗೆ ತೆಗೆದಿರುತ್ತಾ ಅಂತ ಫೋನಲ್ಲೇ ವಿಚಾರಿಸಿಕೊಳ್ಳಿ. ಮಲ್ಲಿಗೆ ಮಾತ್ರ ಎಲ್ಲಕ್ಕಿಂತ ಕೊನೆಗೆ ಕೊಳ್ಳಿ, ಮೊಗ್ಗಿರುವುದನ್ನೇ ಕೇಳಿ, ಬಾಳೆಲೆಯಲ್ಲಿ ಕಟ್ಟಿಸಿಕೊಳ್ಳಿ. ಬೆಳಿಗ್ಗೆ ದಾವಣಗೆರೆಯಲ್ಲಿ ನಿಮ್ಮ ಅಮ್ಮ ಬಿಚ್ಚುವ ಹೊತ್ತಿಗೆ ಅರಳಿರುತ್ತದೆ.