ಅಣ್ಣನನ್ನು ಕೇಳಿದಿರಾ?

ಈ ವಾರದ ಪತ್ರ ಆರು ಪುಟಗಳಷ್ಟಿದೆ. ಅದರಲ್ಲಿ ನನ್ನನ್ನು ಕೆಣಕಿದ್ದು ಐದನೆಯ ಪುಟದ ಅರ್ಧ ವಾಕ್ಯ. ಅದಕ್ಕೆ ಬರುವ ಮೊದಲು ಉಳಿದದ್ದನ್ನು ಓದುಗರಿಗೆ ಚುಟುಕಾಗಿ ಹೇಳಿಬಿಡುತ್ತೇನೆ.

ಪತ್ರ ಬರೆದವರು ಇಪ್ಪತ್ತಾರು ವರ್ಷದ ಯುವತಿ. ಚಿಕ್ಕಂದಿನಲ್ಲೇ ಹೆತ್ತವರೊಂದಿಗೆ ಅಮೆರಿಕಕ್ಕೆ ಹೋಗಿ ಅಲ್ಲಿಯ ಪೌರರಾದವರು. ಎರಡು ವರ್ಷಗಳಿಂದ ಮನಶ್ಶಾಸ್ತ್ರದ ಒಂದು ಲ್ಯಾಬಿನಲ್ಲಿ ಸಂಶೋಧನಾ ಸಹಾಯಕಿಯಾಗಿದ್ದಾರೆ. ಮನೆಯಲ್ಲೊಬ್ಬರಿಗೆ ಮಾನಸಿಕ ಕಾಯಿಲೆಯಿದ್ದಾಗ ಕುಟುಂಬದವರು ಅದನ್ನು ಯಾರಿಗೆ ಹೇಳುತ್ತಾರೆ, ಯಾರಿಂದ ಮುಚ್ಚಿಡುತ್ತಾರೆ ಎಂಬುದು ಅವರ ಆಸಕ್ತಿಯ ವಿಷಯ. ಕಳೆದ ವರ್ಷ ಕ್ಲಿನಿಕಲ್ ಸೈಕಾಲಜಿಯ, ಎಂದರೆ ಮಾನಸಿಕ ಕಾಯಿಲೆ ಮತ್ತು ಅದರ ಚಿಕಿತ್ಸೆಗೆ ಸಂಬಂಧಿಸಿದ ಮನಶ್ಶಾಸ್ತ್ರದ, ಪಿಎಚ್.ಡಿ.ಗಾಗಿ ಒಂಬತ್ತು ಕಡೆ ಅರ್ಜಿ ಹಾಕಿದರು. ಒಂದು ಕಡೆ ಸಂದರ್ಶನವಾಗಿ, ಕಾಯುವ ಪಟ್ಟಿಗೆ ಸೇರಿ, ಕೊನೆಗೆ ಅಲ್ಲಿಂದಲೂ ಇಲ್ಲವೆಂಬ ಉತ್ತರ ಬಂತು. ಈ ವರ್ಷ ಹನ್ನೆರಡು ಕಡೆ ಹಾಕುತ್ತಿದ್ದಾರೆ, ಹೆಚ್ಚಿನವುಗಳ ಗಡುವು ಡಿಸೆಂಬರ್ 1. ಇದರ ಜೊತೆಗೆ ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆಯಾದ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಸಂಶೋಧನಾ ಫೆಲೋಶಿಪ್ಪಿಗೂ ಸಿದ್ಧತೆ ನಡೆದಿದೆ. ನಿದ್ದೆಯಿಲ್ಲ, ಇಮೇಲ್ ತೆರೆಯಲು ಕೈ ನಡುಗುತ್ತದೆ, ಶಿಫಾರಸು ಪತ್ರ ಬರೆಯಬೇಕಾದ ಮೂವರಲ್ಲಿ ಒಬ್ಬರು ಉತ್ತರವನ್ನೇ ಕೊಟ್ಟಿಲ್ಲ. ಅವರ ಪ್ರಶ್ನೆ ಇದು: "ಈ ವರ್ಷವೂ ತಿರಸ್ಕೃತಳಾದರೆ ನಾನು ಈ ಕ್ಷೇತ್ರಕ್ಕೆ ತಕ್ಕವಳಲ್ಲ ಎಂದು ಒಪ್ಪಿಕೊಳ್ಳಬೇಕೆ?"

ಒಪ್ಪಿಕೊಳ್ಳಬೇಕಿಲ್ಲ. ವಿದ್ಯಾರ್ಥಿವೇತನ ಕೊಟ್ಟು ಓದಿಸುವ ಕ್ಲಿನಿಕಲ್ ಪಿಎಚ್.ಡಿ. ಕಾರ್ಯಕ್ರಮಗಳಲ್ಲಿ ಅನೇಕವು ವರ್ಷಕ್ಕೆ ಹತ್ತು ಜನರನ್ನೂ ತೆಗೆದುಕೊಳ್ಳುವುದಿಲ್ಲ, ಅರ್ಜಿಗಳು ಮಾತ್ರ ನೂರಾರು ಬರುತ್ತವೆ. ಇಂಥ ಕಡೆ ವಿದ್ಯಾರ್ಥಿಯನ್ನು ಇಡೀ ವಿಭಾಗ ಆರಿಸುವುದಕ್ಕಿಂತ ಹೆಚ್ಚಾಗಿ ಒಬ್ಬ ಪ್ರಾಧ್ಯಾಪಕರು ತಮ್ಮ ಲ್ಯಾಬಿಗೆ ಆರಿಸಿಕೊಳ್ಳುತ್ತಾರೆ. ಆ ಪ್ರಾಧ್ಯಾಪಕರು ಈ ವರ್ಷ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದಾದರೆ ನಿಮ್ಮ ಅರ್ಜಿ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಬಾಗಿಲೇ ಇಲ್ಲ. ಆದ್ದರಿಂದ ಹನ್ನೆರಡು ಮಂದಿಗೂ ಎರಡು ಸಾಲಿನ ಇಮೇಲ್ ಬರೆದು, ಈ ಬಾರಿ ಹೊಸ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಿ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ಮಾನ್ಯತೆ ಪಡೆದ ಪ್ರತಿಯೊಂದು ಡಾಕ್ಟರೇಟ್ ಕಾರ್ಯಕ್ರಮವೂ ಎಷ್ಟು ಜನ ಸೇರಿದರು, ಮುಗಿಸಲು ಎಷ್ಟು ವರ್ಷ ಹಿಡಿಯಿತು ಎಂಬ ಅಂಕಿಅಂಶಗಳನ್ನು ತನ್ನ ಜಾಲತಾಣದ ಪುಟದಲ್ಲಿ ಪ್ರಕಟಿಸಲೇಬೇಕು. ರಾತ್ರಿ ಎರಡು ಗಂಟೆಗೆ ಅಂತರ್ಜಾಲದಲ್ಲಿ ಯಾರೋ ಅಪರಿಚಿತರ ಗೋಳನ್ನು ಓದುವುದಕ್ಕಿಂತ ಅದನ್ನು ಹಗಲಿನಲ್ಲಿ ಓದುವುದು ಮೇಲು. ಉತ್ತರ ಕೊಡದ ಆ ಒಬ್ಬರಿಗೆ ಇನ್ನೊಮ್ಮೆ ಬರೆಯಿರಿ, ಒಂದು ವಾರ ಕಾಯಿರಿ, ಆಮೇಲೆ ಬೇರೆಯವರನ್ನು ಕೇಳಿ. ಮೌನವಾಗಿರುವವರಿಂದ ಬಲವಂತವಾಗಿ ಬರೆಸಿಕೊಂಡ ಶಿಫಾರಸು ಯಾರಿಗೂ ಒಳ್ಳೆಯದು ಮಾಡಿದ್ದನ್ನು ನಾನು ಕಂಡಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ಇನ್ನು ನೀವು ಕೇಳದೆ ಬಿಟ್ಟದ್ದಕ್ಕೆ ಬರುತ್ತೇನೆ.

ಐದನೆಯ ಪುಟದಲ್ಲಿ, ಅರ್ಜಿಯ ಜೊತೆ ಕಳಿಸಬೇಕಾದ ನಿಮ್ಮ ಪ್ರಬಂಧದ ಬಗ್ಗೆ ಬರೆಯುತ್ತ ನೀವು ಹೀಗೆ ಹೇಳಿದ್ದೀರಿ: "ಮೊದಲ ಪ್ಯಾರಾದಲ್ಲಿ ಅಣ್ಣನ ಕಾಯಿಲೆಯ ಕಥೆ ಇದೆ (ಅವನಿಗೆ ಇನ್ನೂ ಹೇಳಿಲ್ಲ, ಸಮಯ ಸಿಕ್ಕಿಲ್ಲ), ಓದಿದವರಿಗೆಲ್ಲ ಆ ಪ್ಯಾರಾ ಮಾತ್ರ ಹಿಡಿಸಿದೆ." ಅಣ್ಣನನ್ನು ಕಂಸದೊಳಗೆ ಕೂರಿಸಿ ನೀವು ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಹೋಗಲಾಗಲಿಲ್ಲ.

ಪ್ರಬಂಧದ ಪ್ರತಿಯನ್ನೂ ನೀವು ಜೊತೆಯಲ್ಲಿ ಕಳಿಸಿರುವುದರಿಂದ ಆ ಪ್ಯಾರಾವನ್ನು ಓದಿದೆ. ಹನ್ನೊಂದು ಸಾಲು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಿಮ್ಮ ಅಣ್ಣ ಆಸ್ಪತ್ರೆ ಸೇರಿದ್ದು, ಆ ರಾತ್ರಿ ಅವರು ತಾಯಿಗೆ ಹೇಳಿದ ಮಾತು, ಮನೆಗೆ ಮರಳಿದ ಮೇಲೆ ಮೂರು ತಿಂಗಳು ಕೋಣೆಯಿಂದ ಹೊರಬರದೆ ಇದ್ದದ್ದು, ಎಲ್ಲವೂ ಅಲ್ಲಿದೆ. ಈಗ ಅವರಿಗೆ ಮೂವತ್ತು ದಾಟಿದೆ, ಒಳ್ಳೆಯ ಉದ್ಯೋಗದಲ್ಲಿದ್ದಾರೆ, ಈ ಹಳೆಯ ಸಂಗತಿ ಜೊತೆಯಲ್ಲಿ ಕೆಲಸ ಮಾಡುವ ಯಾರಿಗೂ ಗೊತ್ತಿಲ್ಲ ಎಂಬುದನ್ನು ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಹನ್ನೆರಡು ವಿಭಾಗಗಳ ಪ್ರವೇಶ ಸಮಿತಿಗಳು, ನೀವು ಹೆಸರಿಸಿದ ಪ್ರಾಧ್ಯಾಪಕರು, ಸಂದರ್ಶನದ ದಿನ ಅಭ್ಯರ್ಥಿಗಳನ್ನು ಮಾತಾಡಿಸುವ ಹಿರಿಯ ವಿದ್ಯಾರ್ಥಿಗಳು, ಫೆಲೋಶಿಪ್ಪಿನ ಪರಿಶೀಲಕರು, ಶಿಫಾರಸು ಬರೆಯುವವರು, ತಿದ್ದಿಕೊಡುವ ಗೆಳೆಯರು: ಲೆಕ್ಕ ಹಾಕಿ ನೋಡಿ, ಎಷ್ಟು ಜನರಾಗುತ್ತಾರೆ? ನಿಮ್ಮಿಬ್ಬರ ಮನೆತನದ ಹೆಸರು ಒಂದೇ. ಪ್ರವೇಶ ಸಿಕ್ಕರೆ ಇವರಲ್ಲಿ ಕೆಲವರ ಜೊತೆ ನೀವು ಐದಾರು ವರ್ಷ ಕಳೆಯುತ್ತೀರಿ. ಒಂದು ದಿನ ಅಣ್ಣ ನಿಮ್ಮನ್ನು ನೋಡಲು ಬರುತ್ತಾರೆ. ನಿಮ್ಮ ಮಾರ್ಗದರ್ಶಕರು ಅವರ ಕೈ ಕುಲುಕುತ್ತ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಮೃದುವಾಗಿ "ಹೇಗಿದ್ದೀರಿ" ಎನ್ನುತ್ತಾರೆ. ಆ ಮೃದುತ್ವ ಎಲ್ಲಿಂದ ಬಂತೆಂದು ಅಣ್ಣನಿಗೆ ತಿಳಿಯಲು ಬಹಳ ಹೊತ್ತು ಬೇಡ.

ಇದನ್ನು ಬರೆಯುತ್ತಿರುವಾಗ ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಿಮ್ಮ ಮೊದಲ ಕರಡಿನಲ್ಲಿ ಅಣ್ಣನ ಪ್ರಸ್ತಾಪ ಒಂದೇ ಸಾಲು ಇತ್ತು. ಅದನ್ನು ಹನ್ನೊಂದು ಸಾಲಿಗೆ ಎಳೆಸಿದವರು, ಈಗ ನಾಲ್ಕನೆಯ ವರ್ಷದ ಪಿಎಚ್.ಡಿ. ಓದುತ್ತಿರುವ, ಗೆಳೆಯರ ಪ್ರಬಂಧಗಳನ್ನೆಲ್ಲ ಉಚಿತವಾಗಿ ತಿದ್ದಿಕೊಡುವ ನಿಮ್ಮ ಆ ಸೀನಿಯರ್. "ಓದಿದವರ ಕಣ್ಣಲ್ಲಿ ನೀರು ಬರಬೇಕು, ಇಲ್ಲದಿದ್ದರೆ ನಿನ್ನದು ನೂರರಲ್ಲಿ ಇನ್ನೊಂದು" ಎಂದರಂತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇವರು ಎಂದಾದರೂ ತಮ್ಮ ಸ್ವಂತ ಮನೆಯ ಅತಿ ಕೆಟ್ಟ ರಾತ್ರಿಯನ್ನು ಹನ್ನೆರಡು ವಿಶ್ವವಿದ್ಯಾಲಯಗಳಿಗೆ ಅಂಚೆ ಮಾಡಿದ್ದುಂಟೆ ಎಂದು ಒಮ್ಮೆ ಕೇಳಿ ನೋಡಿ. ನಾಳೆ ಇಂಥವರ ಎದುರು ರೋಗಿಯೊಬ್ಬರು ಕುಳಿತು ಮಾತಾಡುತ್ತಾರೆ ಎಂಬುದನ್ನು ನೆನೆದರೆ ನನಗೆ ನೆಮ್ಮದಿಯಾಗುವುದಿಲ್ಲ. ಬರೆದದ್ದನ್ನು ಇಬ್ಬರಿಗಿಂತ ಹೆಚ್ಚು ಜನರಿಗೆ ತೋರಿಸಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಮದುವೆಯ ವಿಷಯವಾಗಿ ಪತ್ರ ಬರೆದವರಿಗೂ ಹೇಳಿದ್ದೇನೆ, ಆಸ್ತಿಯ ವಿಷಯವಾಗಿ ಬರೆದವರಿಗೂ ಹೇಳಿದ್ದೇನೆ. ತಿದ್ದುವವರು ಹೆಚ್ಚಿದಷ್ಟೂ ಬರಹ ಯಾರಿಗೂ ಸೇರದ ವಸ್ತುವಾಗುತ್ತದೆ, ಆಗ ಅದರಲ್ಲಿ ಇನ್ನೊಬ್ಬರ ಬದುಕನ್ನು ಖರ್ಚು ಮಾಡುವುದು ಸುಲಭವೆನಿಸುತ್ತದೆ.

ಆ ಸೀನಿಯರ್ ಹೇಳಿದ ತಂತ್ರ ಫಲ ಕೊಡುತ್ತದೆಯೇ ಎಂಬುದೂ ಅನುಮಾನ. ಡ್ರೂ ಆಪಲ್‌ಬಿ ಮತ್ತು ಕ್ಯಾರೆನ್ ಆಪಲ್‌ಬಿ ಎಂಬ ಇಬ್ಬರು ಮನಶ್ಶಾಸ್ತ್ರದ ಪ್ರವೇಶ ಸಮಿತಿಗಳ ಅಧ್ಯಕ್ಷರನ್ನೇ ಕೇಳಿ, ಯಾವ ತಪ್ಪುಗಳು ಒಳ್ಳೆಯ ಅರ್ಜಿಯನ್ನೂ ಕೊಂದುಬಿಡುತ್ತವೆ ಎಂಬುದನ್ನು 2006ರಲ್ಲಿ ಪ್ರಕಟಿಸಿದರು. ಹಾನಿ ಮಾಡುವ ವೈಯಕ್ತಿಕ ಹೇಳಿಕೆ, ಎಂದರೆ ನೀವು ಬರೆದಂಥ ಪ್ರಬಂಧ, ಅವುಗಳಲ್ಲಿ ಒಂದು. ಮಾನಸಿಕ ಆರೋಗ್ಯದ ಸ್ವಂತ ಕಥೆಯನ್ನು ಅತಿಯಾಗಿ ತೋಡಿಕೊಳ್ಳುವುದು ಅದರ ಒಂದು ಬಗೆ. ಇದಕ್ಕೆ ಕಾರಣವೂ ಇದೆ. 1949ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ನಡೆದ ಸಮ್ಮೇಳನದಿಂದ ಈಚೆಗೆ ಕ್ಲಿನಿಕಲ್ ಪಿಎಚ್.ಡಿ. ಎಂದರೆ ಚಿಕಿತ್ಸಕನ ತರಬೇತಿಯ ಜೊತೆಗೆ ವಿಜ್ಞಾನಿಯ ತರಬೇತಿಯೂ ಹೌದು ಎಂಬ ಮಾದರಿ ಬೇರೂರಿದೆ. ಪ್ರಬಂಧ ಓದುವವರು ಹುಡುಕುವುದು ನಿಮ್ಮ ಪ್ರಶ್ನೆಯನ್ನು, ನಿಮ್ಮ ದುಃಖವನ್ನಲ್ಲ. ಫೆಲೋಶಿಪ್ಪಿನ ವಿಷಯದಲ್ಲಿ ಅಪಾಯ ಇನ್ನೂ ನೇರವಾಗಿದೆ. ಆ ಫೌಂಡೇಶನ್ ವರ್ಷಕ್ಕೆ 37,000 ಡಾಲರ್‌ನಂತೆ ಮೂರು ವರ್ಷ ಕೊಡುತ್ತದೆ, ನಿಜ. ಆದರೆ ಕಾಯಿಲೆಯ ಕಾರಣ, ಪತ್ತೆ ಅಥವಾ ಚಿಕಿತ್ಸೆಯನ್ನೇ ನೇರ ಗುರಿಯಾಗಿಸಿಕೊಂಡ ಸಂಶೋಧನೆಗೆ, ಅದು ಮಾನಸಿಕ ಕಾಯಿಲೆಯಾದರೂ ಸರಿಯೇ, ಕೊಡುವುದಿಲ್ಲ. ಅಂಥ ಅರ್ಜಿಯನ್ನು ಪರಿಶೀಲನೆಗೇ ತೆಗೆದುಕೊಳ್ಳದೆ ಮರಳಿಸಬಹುದು. ಜನರು ಗುಟ್ಟನ್ನು ಹೇಗೆ ಕಾಯುತ್ತಾರೆ ಎಂಬ ನಿಮ್ಮ ವಿಷಯ ಸಾಮಾಜಿಕ ಮನಶ್ಶಾಸ್ತ್ರದ ನೆಲದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಮುಂದೆ ಹನ್ನೊಂದು ಸಾಲು ಆಸ್ಪತ್ರೆಯನ್ನು ಇಟ್ಟರೆ ಓದುವವರು ನಿಮ್ಮ ಗುರಿಯನ್ನೇ ತಪ್ಪಾಗಿ ತಿಳಿಯಲು ನೀವೇ ದಾರಿ ಮಾಡಿಕೊಟ್ಟಂತೆ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಸೀನಿಯರ್‌ಗೆ ಉತ್ತರವಾಗಿ. ಆ ಪ್ಯಾರಾದಿಂದ ಹನ್ನೆರಡು ಕಡೆಯೂ ಪ್ರವೇಶ ಖಚಿತ ಎಂದಿದ್ದರೂ ನನ್ನ ಮಾತು ಬದಲಾಗುತ್ತಿರಲಿಲ್ಲ. ನೀವು ಸೇರಬಯಸುವ ವೃತ್ತಿಯ ನೀತಿಸಂಹಿತೆಯಲ್ಲಿ ಒಂದು ಇಡೀ ಭಾಗ, ನಾಲ್ಕನೆಯದು, ಖಾಸಗಿತನ ಮತ್ತು ಗೌಪ್ಯತೆಗೇ ಮೀಸಲು. ಅಣ್ಣ ನಿಮ್ಮ ರೋಗಿಯಲ್ಲ, ಆ ನಿಯಮ ಅಕ್ಷರಶಃ ನಿಮಗೆ ಅನ್ವಯಿಸುವುದಿಲ್ಲ ಎಂದು ನೀವು ವಾದಿಸಬಹುದು, ನಾನು ಒಪ್ಪುತ್ತೇನೆ. ರೋಗಿಗೆ ಕನಿಷ್ಠ ಒಂದು ನಿಯಮದ ರಕ್ಷಣೆ ಇದೆ, ಅಣ್ಣನಿಗೆ ಅದೂ ಇಲ್ಲ.

ನನಗೂ ಇದರ ಬಿಸಿ ತಟ್ಟಿದೆ. ಬಹಳ ವರ್ಷಗಳ ಹಿಂದೆ ಒಂದು ಬರಹದಲ್ಲಿ ನನ್ನ ತಂಗಿಯ ಬದುಕಿನ ಒಂದು ಸಣ್ಣ ಪ್ರಸಂಗವನ್ನು ಹೆಸರು ಬದಲಿಸಿ, ಬಹಳ ಪ್ರೀತಿಯಿಂದಲೇ ಬಳಸಿಕೊಂಡೆ. ಅವಳು ಜಗಳವಾಡಲಿಲ್ಲ. "ಚೆನ್ನಾಗಿ ಬರೆದಿದ್ದೀಯ" ಎಂದಳು, ಆಮೇಲೆ ಎರಡು ವರ್ಷ ನನಗೆ ತನ್ನ ಮನಸ್ಸಿನದು ಏನನ್ನೂ ಹೇಳಲಿಲ್ಲ.

"ತಂಗಿಯಾಗಿ ನಾನು ಪಟ್ಟದ್ದು ನನ್ನದಲ್ಲವೇ" ಎಂದು ನೀವು ಕೇಳಬಹುದು. ನಿಮ್ಮದೇ. ಹದಿನಾಲ್ಕರ ಹುಡುಗಿಯಾಗಿ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಬಾಗಿಲ ಹೊರಗೆ ನಿಂತದ್ದು, ಶಾಲೆಯಲ್ಲಿ ಗೆಳತಿಯರಿಗೆ ಸುಳ್ಳು ಹೇಳಿದ್ದು, ಆ ಸುಳ್ಳಿನಿಂದಲೇ ನಿಮ್ಮ ಸಂಶೋಧನೆಯ ಪ್ರಶ್ನೆ ಹುಟ್ಟಿದ್ದು ನಿಮ್ಮ ಅನುಭವ. ಬಾಗಿಲ ಒಳಗೆ ನಡೆದದ್ದು ಅವರದು. ನೀವು ಬರೆದಿರುವ ಹನ್ನೊಂದು ಸಾಲುಗಳಲ್ಲಿ ಒಂಬತ್ತು ಬಾಗಿಲ ಒಳಗಿನವು. ಗುಟ್ಟನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು ಎರಡು ವರ್ಷ ಅಭ್ಯಾಸ ಮಾಡಿದವರಿಗೆ ಇದನ್ನು ನಾನು ಹೇಳಬೇಕಾಗಿ ಬಂದದ್ದೇ ವಿಚಿತ್ರ.

ಇನ್ನೊಂದು ಸಾಲನ್ನೂ ನೀವು ಒತ್ತಡದ ಪಟ್ಟಿಯಲ್ಲಿ ಸೇರಿಸಿ ಬಿಟ್ಟಿದ್ದೀರಿ: ಒಂದು ತಿಂಗಳಿಂದ ಅಣ್ಣನ ಫೋನ್ ಕೂಡ ತೆಗೆಯಲಾಗುತ್ತಿಲ್ಲ. ಅದೇ ಪತ್ರದಲ್ಲಿ ತಾಯಿಯ ಜೊತೆ ಪ್ರತಿ ಭಾನುವಾರ ಒಂದು ಗಂಟೆ ಮಾತಾಡುತ್ತೀರಿ, ಸೀನಿಯರ್ ಜೊತೆ ದಿನ ಬಿಟ್ಟು ದಿನ ಮಾತಾಡುತ್ತೀರಿ. ಹನ್ನೊಂದು ಸಾಲು ಬರೆದೂ ಒಂದು ತಿಂಗಳಾಯಿತು. ಹಾಗಾದರೆ ಸಮಯ ಸಿಗದಿರುವುದು ಯಾವುದಕ್ಕೆ? ನಿಮ್ಮ ನಿದ್ದೆ ಕೆಡಿಸಿರುವುದೆಲ್ಲ ಪ್ರವೇಶ ಸಮಿತಿಗಳೇ ಎಂದು ನಂಬಲು ನಾನು ಸಿದ್ಧನಿಲ್ಲ.

ಆದ್ದರಿಂದ ನನ್ನ ಸೂಚನೆ ಒಂದೇ. ಈ ಉತ್ತರ ಓದಿದ ದಿನವೇ ಅಣ್ಣನಿಗೆ ಫೋನ್ ಮಾಡಿ, ಆ ಪ್ಯಾರಾವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿ. ಮೆಸೇಜ್ ಕಳಿಸಬೇಡಿ, "ನಿನ್ನ ಬಗ್ಗೆ ಒಂದೆರಡು ಮಾತು ಬರೆದಿದ್ದೇನೆ" ಎಂದು ತೇಲಿಸಬೇಡಿ, ಎಲ್ಲರಿಗೂ ಹಿಡಿಸಿದೆ ಎಂದು ಮೊದಲೇ ಹೇಳಿ ಅವರ ಬಾಯಿ ಕಟ್ಟಬೇಡಿ. ಗಡುವಿನ ಹಿಂದಿನ ರಾತ್ರಿಯವರೆಗೆ ತಳ್ಳಿದರೆ ಅದು ಕೇಳಿದಂತಲ್ಲ, ತಿಳಿಸಿದಂತೆ. ಬೇಡವೆಂದರೆ ಕಾರಣ ಕೇಳಬೇಡಿ. "ನಿನಗೆ ಒಳ್ಳೆಯದಾಗುವುದಾದರೆ ಬರಿ" ಎಂದರೆ ಅದನ್ನೂ ಬೇಡವೆಂದೇ ತಿಳಿಯಿರಿ; ಅಣ್ಣಂದಿರು ಹಾಗೇ ಹೇಳುತ್ತಾರೆ. ಆಗ ಹನ್ನೆರಡು ಅರ್ಜಿಗಳಿಂದಲೂ ಫೆಲೋಶಿಪ್ಪಿನ ಹೇಳಿಕೆಯಿಂದಲೂ ಆ ಸಾಲುಗಳನ್ನು ತೆಗೆದುಹಾಕಿ.

ತೆಗೆದ ಜಾಗಕ್ಕೆ ಏನು ಬರೆಯಲಿ ಎಂದು ಗಾಬರಿಯಾಗಬೇಡಿ. ನಿಮ್ಮ ಲ್ಯಾಬಿನ ಸಂಶೋಧನೆಯಲ್ಲಿ ಇಬ್ಬರು ಬೇರೆಬೇರೆಯಾಗಿ ವರ್ಗೀಕರಿಸಿದ ಸಂದರ್ಶನಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಯಾರೂ ಹೇಳದಿದ್ದರೂ ನೂರನಲವತ್ತು ಸಂದರ್ಶನಗಳನ್ನು ನೀವು ಮೊದಲಿನಿಂದ ಮತ್ತೆ ಕೇಳಿದಿರಿ, ಜನರು "ಮುಚ್ಚಿಡುವುದು" ಮತ್ತು "ಹೇಳದೆ ಇರುವುದು" ಎರಡನ್ನೂ ಬೇರೆ ಮಾಡುತ್ತಾರೆ ಎಂಬುದನ್ನು ಗುರುತಿಸಿ ವರ್ಗಗಳನ್ನೇ ಬದಲಿಸಿದಿರಿ. ಆರು ಪುಟಗಳ ಪತ್ರದಲ್ಲಿ ಇದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು. ಅದನ್ನು ಹನ್ನೊಂದು ಸಾಲು ಮಾಡಿ. ಫೋನ್ ಮಾಡಿದ ಮೇಲೆ.